ಬೆಟ್ಟದ ದೇವರ ಹೆಸರು

ಕೊಳ್ಳೇಗಾಲದ ಗುರುಕಾರುಣ್ಯ ಆಸ್ಪತ್ರೆಯಲ್ಲಿ ಮಾಲಿನಿಯ ಎದುರು ವಾದ ಮಾಡುವ ಧೈರ್ಯ ಡಾಕ್ಟರುಗಳಿಗೂ ಇರಲಿಲ್ಲ. ರೋಗಿಯ ಚೀಟಿಯ ಮೇಲೆ ಯಾರಾದರೂ ಕೋಳಿ ಕೆದರಿದ ಹಾಗೆ ಬರೆದರೋ, ಮುಗಿಯಿತು. ಅದನ್ನು ಕೈಯಲ್ಲಿ ಹಿಡಿದು ನೇರವಾಗಿ ಡಾಕ್ಟರ ಕೋಣೆಗೇ ನುಗ್ಗುತ್ತಿದ್ದಳು. "ಸಾರ್, ಇದು ಕೆಮ್ಮೋ ಕೆಮ್ಮಣ್ಣೋ, ಸ್ವಲ್ಪ ಹೇಳಿಬಿಡಿ" ಎಂದು ಕೂತ ರೋಗಿಗಳ ಮುಂದೆಯೇ ಕೇಳುತ್ತಿದ್ದಳು. ದಾಖಲೆ ವಿಭಾಗದ ಮುಖ್ಯಸ್ಥೆ ಎಂಬ ಹುದ್ದೆ ಆಸ್ಪತ್ರೆ ಕೊಟ್ಟದ್ದು. ಈ ಗುಣ ಮಾತ್ರ ಸತ್ತೇಗಾಲದ ತವರಿನಿಂದ ತಂದದ್ದು. ಅವಳ ಅಪ್ಪ ಶಿವರುದ್ರಸ್ವಾಮಿ ತೆಂಗಿನಕಾಯಿ ಎಣಿಸುವಾಗ ಒಂದು ಕಾಯಿಯ ಮೇಲೆ ಅನುಮಾನ ಬಂದರೂ ಇಡೀ ರಾಶಿಯನ್ನು ಮೊದಲಿನಿಂದ ಎಣಿಸುವ ಆಸಾಮಿ.

ಅಂಥವಳ ಕೈಗೆ ಆಸ್ಪತ್ರೆಯವರು ಎಐ ಕೆಲಸ ಒಪ್ಪಿಸಿದರು. ಕೊಳ್ಳೇಗಾಲದಲ್ಲಿ ದೊಡ್ಡ ಆಸ್ಪತ್ರೆ, ಹನೂರಿನಲ್ಲಿ ಒಂದು ಕ್ಲಿನಿಕ್, ಯಳಂದೂರಿನಲ್ಲಿ ಇನ್ನೊಂದು. ಮೂರೂ ಕಡೆಯ ದಾಖಲೆಗಳನ್ನು ಕೂಡಿಸಿ ಒಬ್ಬ ರೋಗಿಗೆ ಒಂದೇ ಕಡತ ಮಾಡಬೇಕು. ಆಮೇಲೆ ಹೊಸ ಯಂತ್ರ ಅದನ್ನೆಲ್ಲ ಓದಿ, ಯಾರ ಆರೋಗ್ಯ ಒಳಗೊಳಗೇ ಕೆಡುತ್ತಿದೆ, ಯಾರನ್ನು ಬೇಗ ಕರೆಸಬೇಕು ಎಂದು ಡಾಕ್ಟರಿಗೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಅರ್ಧ ಜನ ಇದನ್ನು ಮಾಯಾಮಂತ್ರ ಅಂದುಕೊಂಡಿದ್ದರು, ಇನ್ನರ್ಧ ಜನ ತಮ್ಮ ಅನ್ನ ಕಸಿಯಲು ಬಂದ ಭೂತ ಅಂದುಕೊಂಡಿದ್ದರು. ಅದು ಎರಡೂ ಅಲ್ಲ. ನಾವು ಬರೆದಿಟ್ಟದ್ದನ್ನು ಅದು ಓದುತ್ತದೆ, ಅಷ್ಟೆ. ನಾವು ಹಾಳುಮೂಳು ಬರೆದಿಟ್ಟಿದ್ದರೆ ಆ ಹಾಳುಮೂಳನ್ನೇ ಬಹಳ ಜಾಣತನದಿಂದ ಓದುತ್ತದೆ. ಈ ಮಾತು ಮಾಲಿನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವಳು ಯಾರ ಮಾತಿಗೂ ಕಿವಿಗೊಡದೆ ಸೆರಗು ಸಿಕ್ಕಿಸಿ ಕೂತಳು.

ಯಂತ್ರ ಬೇಕೆಂದು ಹಟ ಹಿಡಿದವಳು ಡಾಕ್ಟರ್ ಶೃತಿ. ಚಿಕ್ಕ ವಯಸ್ಸು, ಮೆಲು ಮಾತು, ಆದರೆ ಹಿಡಿದದ್ದನ್ನು ಬಿಡುವವಳಲ್ಲ. ಅವಳ ಚಿಂತೆಯೆಲ್ಲ ಕಿಡ್ನಿಯದು. ದಿನವಿಡೀ ಬಿಸಿಲಲ್ಲಿ ದುಡಿಯುವ ಜನ, ಮಂಡಿ ನೋವು ಸೊಂಟ ನೋವು ಅಂತ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ಕಡಲೆಪುರಿಯ ಹಾಗೆ ನುಂಗುತ್ತಾರೆ. ಕಿಡ್ನಿ ಸೋಲುವಾಗ ನೋಯುವುದಿಲ್ಲ, ಕೂಗುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಒಂದು ಅಳತೆ ಸಲದಿಂದ ಸಲಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತದೆ. ಒಂದು ಸಲದ ಅಳತೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಮೂರ್ನಾಲ್ಕನ್ನು ಸಾಲಾಗಿ ಇಟ್ಟು ನೋಡಿದರೆ ಎದೆ ಧಸಕ್ಕೆನ್ನುತ್ತದೆ. "ಆ ಸಾಲು ನನಗೆ ಸಿಕ್ಕರೆ ಸಾಕು ಮಾಲಿನಿ, ಎಷ್ಟೋ ಜನರನ್ನ ಡಯಾಲಿಸಿಸ್ ಬೆಡ್ಡಿಗೆ ಹೋಗದ ಹಾಗೆ ತಡೀತೀನಿ" ಎಂದು ಶೃತಿ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣು ನೋಡಿಯೇ ಮಾಲಿನಿ ಈ ಕೆಲಸಕ್ಕೆ ಮನಸ್ಸು ಕೊಟ್ಟದ್ದು.

ಕೂಡಿಸುವ ಕೆಲಸವೇನೋ ಶುರುವಾಯಿತು. ಆದರೆ ಈ ಸೀಮೆಯಲ್ಲಿ ಹೆಸರು ನಂಬಿ ಕೂಡಿಸಲು ಹೋದರೆ ಕೆಟ್ಟೆವು. ಒಂದೊಂದು ಊರಿಗೂ ಹಿಡಿಹಿಡಿ ಬಸಮ್ಮಂದಿರು, ಮಾದಮ್ಮಂದಿರು. ವಯಸ್ಸು ಕೇಳಿದರೆ "ನೀನೇ ನೋಡಿ ಬರ್ಕೊ" ಅನ್ನುತ್ತಾರೆ. ಮೊಬೈಲ್ ನಂಬರು ಅವತ್ತು ಜೊತೆಗೆ ಬಂದವರದ್ದು. ಆಧಾರ್ ಕಾರ್ಡು ಯಾವಾಗಲೂ ಮನೆಯ ಟ್ರಂಕಿನಲ್ಲಿ ಭದ್ರವಾಗಿರುತ್ತದೆ. ಎಲ್ಲ ಅಳೆದು ಸುರಿದು ಮಾಲಿನಿ ಒಂದು ಉಪಾಯ ಕಂಡುಕೊಂಡಳು. ಹೆಂಗಸರ ಮಟ್ಟಿಗೆ ಗಂಡನ ಹೆಸರಿನ ಕಾಲಮ್ಮಿಗೆ ಎಲ್ಲಕ್ಕಿಂತ ಹೆಚ್ಚು ತೂಕ. ಯಾಕೆಂದರೆ ಮೂರೂ ಕಡೆ ಖಾಲಿಯೇ ಇಲ್ಲದ ಕಾಲಮ್ಮು ಅದೊಂದೇ. ಅದನ್ನು ತುಂಬದೆ ಮುಂದಕ್ಕೆ ಹೋಗಲು ಕಂಪ್ಯೂಟರು ಬಿಡುತ್ತಲೇ ಇರಲಿಲ್ಲ.

ಅದರಂತೆ ಕೂಡಿಸಿದರು. ಯಂತ್ರವನ್ನು ಪರೀಕ್ಷೆಗೆ ಓಡಿಸಿದರು. ಪಟ್ಟಿ ಚೊಕ್ಕವಾಗಿ ಬಂತು. ಮಾಲಿನಿ ಮನೆಗೆ ಫೋನು ಮಾಡಿ, "ಕುಮಾರ್, ಇವತ್ತು ಹೋಳಿಗೆ ತರಿಸಪ್ಪ, ನಿನ್ನ ಹೆಂಡ್ತಿ ಗೆದ್ದಳು" ಎಂದಳು. ಗಂಡ ಕುಮಾರಸ್ವಾಮಿಯನ್ನು ಅವಳು ಹೆಸರು ಹಿಡಿದೇ ಕರೆಯುವುದು. ಕರೆದರೆ ಏನಾದರೂ ಆಗುತ್ತದೆ ಎಂದು ನಂಬುವವರೂ ಇದ್ದಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅದು ಹೊಳೆದದ್ದು ಯಳಂದೂರಿಗೂ ಹನೂರಿಗೂ ಹೋಗಿ ಬಂದ ಮೇಲೆ.

ಹೊಸ ಪದ್ಧತಿ ಕಲಿಸಲು ಮೊದಲು ಯಳಂದೂರಿಗೆ ಹೋದಳು. ಅಲ್ಲಿನ ಕೌಂಟರಿನಲ್ಲಿ ಕೂರುವವನು ಮಂಟೇಸ್ವಾಮಿ, ನಗುಮುಖದ ಮನುಷ್ಯ, ಕೈ ಚುರುಕು. ಮಾಲಿನಿ ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಳು. ಒಬ್ಬ ಹೆಂಗಸು ಬಂದಳು. ಹೆಸರು, ಊರು ಹೇಳಿದಳು. "ಯಜಮಾನ್ರ ಹೆಸ್ರೇನಮ್ಮ?" ಎಂದು ಮಂಟೇಸ್ವಾಮಿ ಕೇಳಿದ. ಹೆಂಗಸು ಮುಖ ಆಚೆ ತಿರುಗಿಸಿ, ಸೆರಗಿನಿಂದ ಬಾಯಿ ಮುಚ್ಚಿ, "ಬೆಟ್ಟದ ದೇವ್ರ ಎಸ್ರು ಕಣಪ್ಪ" ಎಂದಳು. ಮಂಟೇಸ್ವಾಮಿ ಕಣ್ಣು ಕೂಡ ಮಿಟುಕಿಸದೆ ಬಿಳಿಗಿರಿ ಎಂದು ಟೈಪು ಮಾಡಿ, "ಮುಂದಿನವ್ರು ಬನ್ನಿ" ಎಂದ. ಮಾಲಿನಿಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಪರವಾಗಿಲ್ಲ, ಜನರ ಭಾಷೆ ಬಲ್ಲ ಹುಡುಗ ಎಂದು ಮೆಚ್ಚಿಕೊಂಡಳು.

ಮರುದಿನ ಹನೂರು. ಅಲ್ಲಿ ಕೌಂಟರಿನಲ್ಲಿ ರಾಜಣ್ಣ. ಗಂಭೀರ ಮುಖ, ಮೂಗಿನ ತುದಿಯಲ್ಲಿ ಕನ್ನಡಕ. ಅಲ್ಲಿಯೂ ಒಬ್ಬ ಹೆಂಗಸು ಬಂದಳು, ಅಲ್ಲಿಯೂ ಅದೇ ಪ್ರಶ್ನೆ. ಅವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೆಟ್ಟದ ದೇವ್ರ ಎಸ್ರು ಕಣ್ಸಾ."

ರಾಜಣ್ಣ ಮಹದೇಶ ಎಂದು ಟೈಪು ಮಾಡಿದ.

ಮಾಲಿನಿಯ ಕೈಯಲ್ಲಿದ್ದ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. "ರಾಜಣ್ಣ, ಅವರು ಮಹದೇಶ ಅಂದ್ರಾ?"

"ಬೆಟ್ಟದ ದೇವ್ರು ಅಂದ್ರಲ್ಲ ಮೇಡಂ."

"ಯಾವ ಬೆಟ್ಟ?"

ರಾಜಣ್ಣ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಇಂಥ ಪ್ರಶ್ನೆ ಅವನನ್ನು ಹುಟ್ಟಿದಾರಭ್ಯ ಯಾರೂ ಕೇಳಿರಲಿಲ್ಲ. "ಬೆಟ್ಟ ಅಂದ್ರೆ ಮಾದಪ್ಪನ ಬೆಟ್ಟ ತಾನೇ ಮೇಡಂ? ಇನ್ಯಾವ್ದದೆ?"

ಮಾಲಿನಿ ಫೋನು ತೆಗೆದು ಮಂಟೇಸ್ವಾಮಿಗೆ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಮಂಟೇಸ್ವಾಮಿ, ಯಾರಾದರೂ ಗಂಡನ ಹೆಸರು ಬೆಟ್ಟದ ದೇವರದ್ದು ಅಂದರೆ ಏನಂತ ಬರೀತೀಯ?"

"ಬಿಳಿಗಿರಿ ಇಲ್ಲಾಂದ್ರೆ ರಂಗಸ್ವಾಮಿ ಮೇಡಂ. ಬೆಟ್ಟ ಅಂದ್ರೆ ಬಿಳಿಗಿರಿರಂಗನ ಬೆಟ್ಟ ಅಲ್ವಾ?"

"ಏನ್ ಮಾತಾಡ್ತೀಯ್ಲಾ ಮಂಟೇಸಿ? ಮಾದಪ್ಪನ್ನ ಬುಟ್ಟು ಇನ್ಯಾವ ಬೆಟ್ಟ ನಿಂದು?" ಎಂದು ರಾಜಣ್ಣ ಫೋನಿನ ಮೇಲೆ ಬಾಗಿ ಕೂಗಿದ.

"ನಿಮ್ಮೂರಾಗೆ ನಿಂದು, ನಮ್ಮೂರಾಗೆ ನಮ್ದು ಕಣ್ ರಾಜಣ್ಣ!"

ಇಬ್ಬರೂ ಜಗಳಕ್ಕೆ ನಿಂತರು. ಮಾಲಿನಿಗೆ ಮೊದಲು ನಗು ಬಂತು, ಆಮೇಲೆ ವಿಷಯ ಅರ್ಥವಾಯಿತು. ತಾನು ಎಲ್ಲಕ್ಕಿಂತ ಹೆಚ್ಚು ನಂಬಿದ ಕಾಲಮ್ಮು ತುಂಬಿದ್ದು ಜನ ಹೇಳಿದ ಹೆಸರುಗಳಿಂದಲ್ಲ, ಕೌಂಟರಿನವರು ಊಹಿಸಿದ ಹೆಸರುಗಳಿಂದ. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸರು ಈ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಇದ್ದಾರೆ. ಅವರು ಸುಳಿವು ಕೊಡುತ್ತಾರೆ. ಕಂಪ್ಯೂಟರು ಖಾಲಿ ಬಿಡಲು ಒಪ್ಪುವುದಿಲ್ಲ. ಕೌಂಟರಿನವನು ತನ್ನ ಮನೆಯ ಬಾಗಿಲಿಂದ ಕಾಣುವ ಬೆಟ್ಟದ ದೇವರನ್ನು ಕರೆದು ತಂದು ಕಾಲಮ್ಮಿನಲ್ಲಿ ಕೂರಿಸುತ್ತಾನೆ. ಒಬ್ಬಳೇ ಹೆಂಗಸು ಹನೂರಿನಲ್ಲೂ ತೋರಿಸಿಕೊಂಡು ಯಳಂದೂರಿನಲ್ಲೂ ತೋರಿಸಿಕೊಂಡಿದ್ದರೆ ಯಂತ್ರದ ಲೆಕ್ಕಕ್ಕೆ ಅವಳು ಇಬ್ಬರು.

ಕೊಳ್ಳೇಗಾಲಕ್ಕೆ ಹಿಂತಿರುಗಿದವಳೇ ಮಾಲಿನಿ ಇಡೀ ರಾಶಿಯನ್ನು ಮೊದಲಿನಿಂದ ಎಣಿಸಲು ಕೂತಳು. ಅಪ್ಪನ ಮಗಳಲ್ಲವೇ! ಬೆಟ್ಟದ ದೇವರುಗಳ ಹೆಂಡಿರನ್ನೆಲ್ಲ ಹುಡುಕಿ, ಒಂದೇ ಥರ ಕಾಣುವವರನ್ನು ಅಕ್ಕಪಕ್ಕ ಇಟ್ಟಳು. ಅವರಲ್ಲಿ ಒಬ್ಬಳ ಮೇಲೆ ಕಣ್ಣು ನಿಂತಿತು. ಹನೂರಿನಲ್ಲಿ ಚಿಕ್ಕಬಸಮ್ಮ, ಗಂಡ ಮಹದೇಶ. ಯಳಂದೂರಿನಲ್ಲಿ ಬಸಮ್ಮ, ಗಂಡ ಬಿಳಿಗಿರಿ. ಕೊಳ್ಳೇಗಾಲಕ್ಕೂ ಒಮ್ಮೆ ಒಬ್ಬ ಚಿಕ್ಕಬಸಮ್ಮ ಬಂದಿದ್ದಳು. ಇಲ್ಲಿನ ಕೌಂಟರಿನವರು ದೇವರ ಗೊಡವೆಯೇ ಬೇಡವೆಂದು ಸುಮ್ಮನೆ ಬೆಟ್ಟಯ್ಯ ಎಂದು ಹೊಡೆದಿದ್ದರು. ಪಾಪ, ಒಬ್ಬ ಗಂಡನ ಹೆಸರನ್ನೂ ಬಾಯಲ್ಲಿ ಹೇಳದ ಹೆಂಗಸಿಗೆ ಆಸ್ಪತ್ರೆ ಮೂವರು ಗಂಡಂದಿರನ್ನು ಕಟ್ಟಿತ್ತು.

ಮಾಲಿನಿ ಮೂರೂ ಕಡೆಯ ರಕ್ತಪರೀಕ್ಷೆಗಳನ್ನು ತಾರೀಕಿನ ಪ್ರಕಾರ ಒಂದು ಹಾಳೆಯ ಮೇಲೆ ಬರೆದು ಡಾಕ್ಟರ್ ಶೃತಿಯ ಮುಂದಿಟ್ಟಳು. ಶೃತಿ ಓದುತ್ತ ಹೋದಂತೆ ಅವಳ ಮುಖದ ಬಣ್ಣ ಇಳಿಯಿತು.

"ಇವರು ಮೂರು ಜನ ಆಗಿದ್ದರೆ ಯಾರಿಗೂ ಅಂಥ ತೊಂದರೆ ಇಲ್ಲ. ಒಬ್ಬಳೇ ಆಗಿದ್ದರೆ ಕಿಡ್ನಿ ಬೇಗ ಬೇಗ ಹೋಗ್ತಾ ಇದೆ" ಎಂದಳು. "ಯಂತ್ರ ಯಾಕೆ ಹೇಳಲಿಲ್ಲ?"

"ಮೂರು ಪರೀಕ್ಷೆ ಆದವರನ್ನ ಮಾತ್ರ ಅದು ನೋಡುತ್ತೆ. ಇವಳದ್ದು ಹನೂರಲ್ಲಿ ಎರಡು, ಯಳಂದೂರಲ್ಲಿ ಎರಡು, ನಮ್ಮಲ್ಲಿ ಒಂದು. ಕೂಡಿಸಿಬಿಡಲಾ?"

"ಬೇಡ." ಶೃತಿ ತಲೆಯಲ್ಲಾಡಿಸಿದಳು. "ಊಹೆ ಮೇಲೆ ಕೂಡಿಸಿದರೆ ನಾವೂ ಮಂಟೇಸ್ವಾಮಿಯೇ ಆಗ್ತೀವಿ. ಒಬ್ಬಳನ್ನ ಮೂವರು ಮಾಡೋದು ತಪ್ಪು. ಮೂವರನ್ನ ಒಬ್ಬಳು ಮಾಡೋದು ಇನ್ನೂ ದೊಡ್ಡ ತಪ್ಪು, ಒಬ್ಬಳ ಔಷಧಿ ಇನ್ನೊಬ್ಬಳ ಹೊಟ್ಟೆಗೆ ಹೋಗುತ್ತೆ. ಅವಳನ್ನೇ ಹೋಗಿ ಕೇಳಬೇಕು. ಬೇಗ ಕೇಳಬೇಕು ಮಾಲಿನಿ."

ಹನೂರಿನ ದಾಖಲೆಯಲ್ಲಿದ್ದ ನಂಬರು ಸತ್ತುಹೋಗಿತ್ತು. ಯಳಂದೂರಿನದಕ್ಕೆ ಹಚ್ಚಿದರೆ ಮಾದು ಎಂಬುವನು ಎತ್ತಿಕೊಂಡ. ಬಸಮ್ಮ ಅವನ ಅತ್ತೆ. ಮಗಳ ಬಾಣಂತನಕ್ಕೆಂದು ಬಂದು ಹಲವು ತಿಂಗಳು ಇದ್ದವಳು ಈಗ ಊರು ಸೇರಿಕೊಂಡಿದ್ದಳು. "ನಮ್ಮತ್ತೆ ಊರು ಮಾರ್ಟಳ್ಳಿ ರೋಡ್ನಲ್ಲಿ ಕಣ್ ಮೇಡಂ, ಕಾಡಂಚು. ಅಲ್ಲಿ ಟವರ್ ಸಿಕ್ಕಲ್ಲ" ಎಂದ. ಮಾಲಿನಿ ಇನ್ನು ಕಾಯಲಿಲ್ಲ. ಬೆಳಗಿನ ಬಸ್ಸಿಗೆ ಹನೂರು ಸೇರಿ, ಅಲ್ಲಿಂದ ರಾಜಣ್ಣನ ಬೈಕಿನ ಹಿಂದೆ ಕೂತು ಹೊರಟಳು. ದಾರಿಯುದ್ದಕ್ಕೂ ರಾಜಣ್ಣ, "ನೋಡ್ತಿರಿ ಮೇಡಂ, ಆವಮ್ಮನ ಗಂಡ ಮಹದೇಶನೇಯ" ಎನ್ನುತ್ತಲೇ ಇದ್ದ.

ಚಿಕ್ಕಬಸಮ್ಮ ಮನೆಯ ಮುಂದೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಚುರುಕು ಕಣ್ಣಿನ, ನಗುವ ಮುದುಕಿ. ಆದರೆ ಮುಖ ಕೊಂಚ ಊದಿತ್ತು, ಕಾಲಿನ ಗೆಜ್ಜೆ ಕೂರುವ ಜಾಗವೂ ಊದಿತ್ತು. ಮಾಲಿನಿ ನೋಡಿದ್ದು ಮೊದಲು ಆ ಕಾಲನ್ನೇ.

"ಹನೂರು ಕ್ಲಿನಿಕ್ಕಿಗೆ ಹೋಗಿದ್ರಲ್ಲ ಅಮ್ಮ, ಯಳಂದೂರಿಗೂ ನೀವೇ ಹೋಗಿದ್ದಾ?"

"ಊಂ ಕಣವ್ವ. ಮಗಳು ಯಶೋದನ ಮನೇಲಿದ್ದಾಗ ಓಗಿದ್ದೆ. ಒಂದ್ ದಪ ಕೊಳ್ಳೇಗಾಲಕ್ಕೂ ಬಂದಿದ್ದೆ. ಯಾಕವ್ವ, ಮೂರ್ ಕಡೀಕೂ ಓಗ್ಬಾರ್ದಾಗಿತ್ತಾ?"

"ಅಯ್ಯೋ, ಹಾಗೇನಿಲ್ಲ." ಮಾಲಿನಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ನಿಮ್ಮ ಯಜಮಾನರ ಹೆಸರು?"

ಚಿಕ್ಕಬಸಮ್ಮನ ಕೈ ಸೆರಗಿಗೆ ಹೋಯಿತು. "ಬುಡವ್ವ. ಬೆಟ್ಟದ ದೇವ್ರ ಎಸ್ರು."

ರಾಜಣ್ಣನಿಗೆ ತಡೆಯಲಾಗಲಿಲ್ಲ. "ಮಾದಪ್ಪನ ಬೆಟ್ಟ ತಾನೇ ಅಮ್ಮ?"

ಚಿಕ್ಕಬಸಮ್ಮ ಇಲ್ಲವೆಂದು ತಲೆಯಾಡಿಸಿದಳು. ರಾಜಣ್ಣನ ಮುಖ ಸಪ್ಪಗಾಯಿತು.

"ಹಾಗಾದರೆ ಬಿಳಿಗಿರಿರಂಗನ ಬೆಟ್ಟ?" ಎಂದಳು ಮಾಲಿನಿ.

ಅದಕ್ಕೂ ತಲೆಯಾಡಿಸಿ ಚಿಕ್ಕಬಸಮ್ಮ ನಕ್ಕೇಬಿಟ್ಟಳು. ಸೆರಗು ಬಾಯಿಂದ ಜಾರಿತು. "ನಾನುಟ್ಟಿದ್ದು ಗುಂಡ್ಲುಪೇಟೆ ಕಡೆ ಕಣವ್ವ. ಬಾಗ್ಲು ತಗುದ್ರೆ ನಮ್ ಬೆಟ್ಟ ಕಾಣದು. ಬೆಳಿಗ್ಗೆ ಒತ್ತು ಮಂಜ್ ಕವುಚ್ಕಂಡು ಕೂತಿರದು, ಒತ್ತೇರ್ದ ಮ್ಯಾಕೆ ಬಾ ಅಂತ ಕರಿಯದು. ನಮ್ಮವ್ವ ನನ್ನ ಸೊಂಟದ ಮ್ಯಾಲೆ ಕೂರುಸ್ಕಂಡು ಬೆಟ್ಟ ಅತ್ತಿಸೋಳು. ನನ್ ಮದ್ವೆ ದಿನ ಗೆಳ್ತೀರೆಲ್ಲ ಆಡ್ಕಂಡ್ರು, ಇವ್ಳು ನಮ್ ಬೆಟ್ಟದ ದೇವ್ರನ್ನೇ ಜೊತೇಲಿ ಕರ್ಕಂಡೋಯ್ತಾವ್ಳೆ ಅಂತವ!"

"ಗೋಪಾಲಯ್ಯ ಕಣವ್ವ." ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. "ಗೋಪಾಲಸ್ವಾಮಿ ಬೆಟ್ಟದ ಗೋಪಾಲ. ಏನಾಗದೆ ಇವ್ಳಿಗೆ? ಆಸ್ಪತ್ರಿಯೋರು ಮನೆ ಉಡುಕ್ಕಂಡು ಬರೋವಂತದ್ದು?"

ಮಾಲಿನಿ ಮುಚ್ಚುಮರೆ ಮಾಡದೆ ಹೇಳಿದಳು. ಕಿಡ್ನಿ ಸೋಲುತ್ತಿದೆ. ಮಂಡಿ ನೋವಿಗೆ ತಿನ್ನುವ ಮಾತ್ರೆ ಅದನ್ನು ಇನ್ನೂ ತಿನ್ನುತ್ತಿದೆ. ಈಗಲೇ ಬಂದರೆ ತಡೆಯಬಹುದು. ಚಿಕ್ಕಬಸಮ್ಮ ಕೇಳುತ್ತಲೇ ಹುಣಸೆಹಣ್ಣು ಕುಟ್ಟುತ್ತಿದ್ದಳು. ಕೊನೆಗೆ, "ನೋವಿಲ್ಲ, ಜರ ಇಲ್ಲ, ಉಣ್ತಾ ತಿಂತಾ ಇವ್ನಿ. ಹಣ್ಣು ಮುಗೀಲಿ, ಬತ್ತೀನಿ" ಎಂದಳು. ಅವಳು ಬರುವುದಿಲ್ಲವೆಂದು ಮಾಲಿನಿಗೆ ಆ ದನಿಯಲ್ಲೇ ತಿಳಿಯಿತು. ಇಷ್ಟು ದೂರ ಬಂದದ್ದು ನೀರಿನಲ್ಲಿ ಹೋಮವಾಯಿತಲ್ಲ ಎಂದು ಮರುಗಿದಳು.

ಗೋಪಾಲಯ್ಯ ಮಾತ್ರ ಬಾಗಿಲು ಬಿಟ್ಟು ಬಂದು ಹೆಂಡತಿಯ ಎದುರು ಕುಕ್ಕುರುಗಾಲಲ್ಲಿ ಕೂತ. "ಮೂರ್ ಕಡೇಲೂ ರಕ್ತ ಕೊಟ್ಟಿದ್ಲಲ್ಲವ್ವ. ಮದ್ಲೇ ಯಾಕೆ ಗೊತ್ತಾಗ್ನಿಲ್ಲ?"

ಮಾಲಿನಿ ವಿವರಿಸಿದಳು. ಮೂರು ಊರು, ಗಂಡನಿಗೆ ಮೂರು ಹೆಸರು, ಹಾಗಾಗಿ ಮೂವರು ಚಿಕ್ಕಬಸಮ್ಮಂದಿರು. ಮುದುಕ ಹುಬ್ಬು ಗಂಟಿಕ್ಕಿ ಕೇಳಿದ.

"ಅಂದ್ರೆ ಇವ್ಳು ನನ್ ಎಸ್ರ ಯೋಳಿದ್ರೆ ಆಗ್ಲೇ ಗೊತ್ತಾಗ್ತಿತ್ತು ಅನ್ನಿ."

"ತಪ್ಪು ಇವರದ್ದಲ್ಲ ಯಜಮಾನರೆ. ಹೇಳಲಾಗದ್ದನ್ನು ಕೇಳಿದ ನಮ್ಮದು" ಎಂದಳು ಮಾಲಿನಿ. ಅದು ಅವನ ಕಿವಿಗೆ ಬೀಳಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ.

"ನನ್ ಆಯಸ್ಸು ಕಮ್ಮಿಯಾಗ್ಬುಡ್ತದೆ ಅಂತ ನೀನ್ ಬಾಯ್ ಕಟ್ಕಂಡಿದ್ದೆ. ಈಗ್ ನೋಡು, ನಿನ್ ಆಯಸ್ಸ ಕಳ್ಕತಾ ಇದ್ಯಲ್ಲಮ್ಮಿ. ನೀನಿಲ್ದೆ ಆ ಆಯಸ್ಸು ತಕಂಡು ನಾನೇನ್ ಮಾಡ್ಲಿ? ಯಾರ್ಗೆ ಬೇಕಾಗದೆ?" ಅವನ ದನಿ ಒಡೆಯಿತು. "ಯೋಳ್ಬುಡು ಇವತ್ತು. ಇವ್ರೆಲ್ರ ಮುಂದೆ ಗೋಪಾಲ ಅಂತ ಯೋಳು. ಏನಾಯ್ತದೋ ಆಗ್ಲಿ."

ಕುಟ್ಟುವ ಕಲ್ಲು ನಿಂತಿತು. ಚಿಕ್ಕಬಸಮ್ಮ ಗಂಡನ ಕಣ್ಣಿನಲ್ಲಿ ನೀರು ಕಂಡು ಗಾಬರಿಯಾದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ಕಂಡದ್ದೇ ಇಲ್ಲವೇನೋ.

"ಸಾಯೋಗಂಟ ಯೋಳಲ್ಲ, ಬುಟ್ಬುಡಿ" ಎಂದಳು. ಆಮೇಲೆ ಮಾಲಿನಿಯ ಕಡೆ ತಿರುಗಿ, "ಆಸ್ಪತ್ರಿಗೆ ಬತ್ತೀನಿ ಕಣವ್ವ. ಇವತ್ತೇ ಬತ್ತೀನಿ. ಆದ್ರೆ ನನ್ನ ಅಲ್ಲಿ ಯಾರೂ ಇವ್ರ ಎಸ್ರ ಕೇಳ್ಕೂಡ್ದು. ಯಾವತ್ಗೂ ಕೇಳ್ಕೂಡ್ದು" ಎಂದಳು.

"ಕೇಳಲ್ಲ" ಎಂದಳು ಮಾಲಿನಿ ಹಿಂದುಮುಂದು ನೋಡದೆ. "ನಿಮ್ಮನ್ನಷ್ಟೇ ಅಲ್ಲ, ಯಾವ ಹೆಂಗಸನ್ನೂ ಕೇಳಲ್ಲ."

ಹೇಳಿದಂತೆ ಚಿಕ್ಕಬಸಮ್ಮ ಅಂದೇ ಗಂಡನ ಜೊತೆ ಕೊಳ್ಳೇಗಾಲಕ್ಕೆ ಬಂದಳು. ಅವಳ ಮೂರು ಕಡತಗಳನ್ನು ಒಂದು ಮಾಡಿದ ಕೂಡಲೇ, ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಯಂತ್ರ ಅವಳ ಹೆಸರನ್ನು ಪಟ್ಟಿಯ ತಲೆಯ ಮೇಲೆ ಕೆಂಪಗೆ ತಂದು ಕೂರಿಸಿತು. ಡಾಕ್ಟರ್ ಶೃತಿ ಹೊಸ ಪರೀಕ್ಷೆ ಮಾಡಿಸಿದಳು. ಕ್ರಿಯಾಟಿನಿನ್ ಏರಿಕೆ ಇನ್ನೂ ಮುಂದುವರಿದಿತ್ತು, ಆದರೆ ಕೈಮೀರಿರಲಿಲ್ಲ. ನೋವಿನ ಮಾತ್ರೆ ಬಂದ್ ಆಯಿತು, ಬಿಪಿಗೆ ಔಷಧಿ ಬಂತು, ಉಪ್ಪಿಗೆ ಕಡಿವಾಣ ಬಿತ್ತು. ಹೀಗೇ ಬಿಟ್ಟಿದ್ದರೆ ಬರುವ ವರ್ಷ ತಾನು ಡಯಾಲಿಸಿಸ್ ಮಾತು ಹೇಳಬೇಕಾಗುತ್ತಿತ್ತು ಎಂದು ಶೃತಿ ಗೋಪಾಲಯ್ಯನಿಗೆ ಹೇಳಿದಳು. ಅವನು ಎರಡೂ ಕೈ ಎತ್ತಿ ಮುಗಿದ. ಅದು ಡಾಕ್ಟರಿಗೋ, ದೇವರಿಗೋ, ಪಕ್ಕದಲ್ಲಿದ್ದ ಕಂಪ್ಯೂಟರಿಗೋ ಯಾರಿಗೂ ತಿಳಿಯಲಿಲ್ಲ.

ಆದರೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಗಂಡನ ಹೆಸರಿನ ಕಾಲಮ್ಮು ತೆಗೆಯಿರಿ ಎಂದದ್ದಕ್ಕೆ ಸಾಫ್ಟ್‌ವೇರ್ ಕಂಪನಿಯವರು ಹೌಹಾರಿದರು. ಅದನ್ನು ತೆಗೆದರೆ ಇಷ್ಟೊಂದು ಬಸಮ್ಮಂದಿರನ್ನು ಬೇರೆ ಬೇರೆ ಮಾಡುವುದು ಹೇಗೆ? ಆಸ್ಪತ್ರೆಯ ಆಡಳಿತದವರು, "ಹಿಂದಿನಿಂದ ನಡೆದುಬಂದದ್ದು ಮೇಡಂ, ಎಲ್ಲ ಆಫೀಸಲ್ಲೂ ಅದನ್ನೇ ಕೇಳೋದು" ಎಂದರು. ಮಾಲಿನಿಗೆ ಸಿಟ್ಟು ನೆತ್ತಿಗೇರಿತು. "ಎಲ್ಲ ಆಫೀಸಲ್ಲೂ ತಪ್ಪೇ ಬರೆದುಕೊಳ್ತಿದ್ದಾರೆ ಅಂತ ಆಯ್ತು" ಎಂದಳು. ಹಾಗೆಂದು ಎದ್ದು ಬಂದಳೇ ಹೊರತು ಬದಲಿಗೆ ಏನು ಕೇಳಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ. ಮೊಬೈಲು ಬದಲಾಗುತ್ತದೆ. ಆಧಾರ್ ಟ್ರಂಕಿನಲ್ಲಿರುತ್ತದೆ. ಊರೆಂದರೆ ಮಗಳ ಊರೋ ಮಗನ ಊರೋ ಹೇಳುತ್ತಾರೆ.

ಹಲವು ದಿನ ಅದೇ ಗುಂಗು. ಸತ್ತೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ, ಆ ಕಾಡಂಚಿನ ಮನೆಯ ಮುಂದೆ ಚಿಕ್ಕಬಸಮ್ಮನ ಬಾಯಿಂದ ಸೆರಗು ಜಾರಿದ ಗಳಿಗೆ ಅವಳಿಗೆ ನೆನಪಾಯಿತು. ಗಂಡನ ಹೆಸರಿಗೆ ಬಾಯಿ ಮುಚ್ಚಿದವಳು ಹುಟ್ಟಿದ ಊರಿನ ಮಾತು, ಅವ್ವನ ಮಾತು ಬಂದಾಗ ಬಾಯಿ ತುಂಬ ಮಾತಾಡಿದ್ದಳು. ಎಷ್ಟು ಸಲ ಮದುವೆಯಾದರೂ, ಎಲ್ಲಿಗೆ ಹೋಗಿ ನೆಲೆ ನಿಂತರೂ ಬದಲಾಗದ್ದು ಅದೊಂದೇ ಅಲ್ಲವೇ? ಮಾಲಿನಿ ಬಸ್ಸಿನಿಂದಲೇ ಶೃತಿಗೆ ಫೋನು ಮಾಡಿದಳು. ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದಳು. ಮುಂದಿನ ವಾರ ಆಡಳಿತದವರ ಮುಂದೆ ಇಬ್ಬರೂ ಜೊತೆಯಾಗಿ ಹೋಗಿ ಕೂತರು. ಇವರಿಬ್ಬರು ಜೊತೆಯಾಗಿ ಕೂತರೆ ಒಪ್ಪದೆ ಎದ್ದುಹೋಗುವ ಗಂಡಸು ಆ ಆಸ್ಪತ್ರೆಯಲ್ಲಿ ಇನ್ನೂ ಹುಟ್ಟಿಲ್ಲ. ಗಂಡನ ಹೆಸರಿನ ಕಾಲಮ್ಮು ಹೋಯಿತು. ಅದರ ಜಾಗದಲ್ಲಿ ಎರಡು ಬಂದವು, ತಾಯಿಯ ಹೆಸರು ಮತ್ತು ಹುಟ್ಟಿದ ಊರು. ಹೇಳಲು ಇಷ್ಟವಿಲ್ಲದವರಿಗೆ ಎರಡನ್ನೂ ಖಾಲಿ ಬಿಡುವ ಅವಕಾಶವೂ ಬಂತು.

ಮಳೆ ಬಿದ್ದು ಹೊಲದ ಕೆಲಸ ಶುರುವಾಗುವ ಹೊತ್ತಿಗೆ ಚಿಕ್ಕಬಸಮ್ಮ ಮತ್ತೆ ತೋರಿಸಿಕೊಳ್ಳಲು ಬಂದಳು. ಈ ಸಲ ಕಾಲಿನ ಊತ ಇಳಿದಿತ್ತು. ರಕ್ತದ ಅಳತೆ ಏರುವುದನ್ನು ನಿಲ್ಲಿಸಿ, ಕೂದಲೆಳೆಯಷ್ಟು ಇಳಿದೂ ಇತ್ತು. ಶೃತಿ ರಿಪೋರ್ಟನ್ನು ಮಾಲಿನಿಗೆ ತೋರಿಸಲು ತಾನೇ ಎದ್ದು ಬಂದಳು. ಇಬ್ಬರೂ ಆ ಅಂಕಿಯನ್ನು ಕಣ್ತುಂಬ ನೋಡಿದರು. ಗೋಪಾಲಯ್ಯ ಔಷಧಿ ತರಲು ಹೋಗಿದ್ದ. ಮಾಲಿನಿ ಚಿಕ್ಕಬಸಮ್ಮನನ್ನು ಕೌಂಟರಿನ ಮುಂದೆ ಕೂರಿಸಿ, ತಾನೇ ಕಂಪ್ಯೂಟರಿನ ಮುಂದೆ ಕೂತಳು.

"ಒಂದು ಪ್ರಶ್ನೆ ಕೇಳಬೇಕಿತ್ತು ಅಮ್ಮ."

ಮುದುಕಿಯ ಕೈ ಆಗಲೇ ಸೆರಗಿನ ತುದಿ ಹಿಡಿದಿತ್ತು. "ಕೇಳಲ್ಲ ಅಂದಿದ್ಯಲ್ಲವ್ವ!"

"ಅದಲ್ಲ. ನಿಮ್ಮವ್ವನ ಹೆಸರೇನು?"

ಚಿಕ್ಕಬಸಮ್ಮ ಅರ್ಥವಾಗದವಳಂತೆ ಅವಳನ್ನು ನೋಡಿದಳು. "ನಮ್ಮವ್ವಂದಾ? ಅದ್ಯಾಕವ್ವ ನಿಮ್ಗೆ? ಆವವ್ವ ಸತ್ತು ಯಾವ್ ಕಾಲ ಆಯ್ತೋ."

"ಇನ್ನು ಮೇಲೆ ಇಲ್ಲಿ ಎಲ್ಲರನ್ನೂ ಅದನ್ನೇ ಕೇಳೋದು. ನಿಮ್ಮ ಕಡತಕ್ಕೆ ಅವರದ್ದೇ ಗುರುತು."

ಚಿಕ್ಕಬಸಮ್ಮ ಸೆರಗು ಬಿಟ್ಟಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ಸುತ್ತ ಕಾಯುತ್ತ ಕೂತವರೆಲ್ಲ ತಿರುಗಿ ನೋಡುವ ಹಾಗೆ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಹೇಳಿದಳು.

"ಕೆಂಪಾಜಮ್ಮ!"

ಮಾಲಿನಿ ಒಂದೊಂದೇ ಅಕ್ಷರ ಒತ್ತಿ ಬರೆದಳು. ಪರದೆಯನ್ನು ಅವಳ ಕಡೆ ತಿರುಗಿಸಿದಳು. ಚಿಕ್ಕಬಸಮ್ಮನಿಗೆ ಓದು ಬಾರದು. ಆದರೂ ಅವಳು ಮುಂದೆ ಬಾಗಿ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಇಸ್ಟ್ ವರ್ಸದಲ್ಲಿ ಯಾವ್ ಆಪೀಸ್ನಾಗೂ ನಮ್ಮವ್ವನ್ ಎಸ್ರ ಕೇಳಿರ್ನಿಲ್ಲ ಕಣವ್ವ" ಎಂದಳು. "ಏನ್ ಬರ್ದೆ, ಓದು."

"ಕೆಂಪಾಜಮ್ಮ" ಎಂದು ಮಾಲಿನಿ ಓದಿದಳು.

"ಇನ್ನೊಂದ್ ದಪ ಓದವ್ವ."